ಕಟ್ಟರ್ ಆಮೇಲೆ, ಮೊದಲು ಆರ್ಬರ್ ನೋಡ್ರಿ

ಮೆಕ್ಯಾನಿಕಲ್ ಎರಡನೇ ವರ್ಷದ ನಮ್ಮನ್ನ ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಇಂಡೆಕ್ಸಿಂಗ್ ಲೆಕ್ಕ ಹೇಳ್ತೀವಿ. 40 ಅನ್ನು ಹಲ್ಲಿನ ಸಂಖ್ಯೆಯಿಂದ ಭಾಗಿಸಬೇಕು. 24 ಹಲ್ಲಿನ ಗೇರ್ ಆದ್ರೆ ಒಂದು ಪೂರ್ತಿ ಸುತ್ತು, ಮೇಲೆ ಮೂರರಲ್ಲಿ ಎರಡು ಪಾಲು. ಆದ್ರೆ ಆ ಹಲ್ಲು ಕೊರೆಯುವ ಕಟ್ಟರನ್ನು ಯಾವ ಆರ್ಬರ್ ಮೇಲೆ ಕೂಡಿಸಬೇಕು ಅಂತ ಕೇಳಿದ್ರೆ ಎಲ್ಲರೂ ಗಪ್‌ಚುಪ್. ಯಾಕಂದ್ರೆ ನಾವು ಲ್ಯಾಬಿಗೆ ಹೋಗೋದ್ರೊಳಗೆ ಅದು ಮಷಿನ್ನಿನಲ್ಲಿ ಕೂತಿರುತ್ತೆ. ಹ್ಯಾಂಡಲ್ ತಿರುಗಿಸೋದಷ್ಟೇ ನಮ್ಮ ಪಾಲು. ಆರ್ಬರ್ ಆರಿಸೋದನ್ನೂ ನಮ್ಮ ಕೈಗೇ ಬಿಡಬೇಕು ಅನ್ನೋದು ನಮ್ಮ ವಾದ. (ಬೇರೆ ಬ್ರಾಂಚಿನ ಗೆಳೆಯರಿಗೆ: ಮಿಲ್ಲಿಂಗ್ ಮಷಿನ್ನಿನ ಸ್ಪಿಂಡಲ್‌ಗೆ ಸಿಗಿಸಿ, ಕಟ್ಟರ್ ಪೋಣಿಸುವ ಉಕ್ಕಿನ ದಂಡವೇ ಆರ್ಬರ್.)

ಇದು ಮಾರ್ಕ್ಸಿನ ಮಾತಲ್ಲ. ನಮ್ಮಲ್ಲಿ ಎಷ್ಟೋ ಜನ ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯವರು. ಎರೆ ಹೊಲ, ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಬಿತ್ತುವ ಹೊತ್ತಿನಲ್ಲಿ ಟ್ರ್ಯಾಕ್ಟರ್ ಕೂರಿಗೆಯ ಗೇರ್ ಹಲ್ಲು ಹಾರಿದ್ರೆ ಹೊಲದ ಹದ ಕಾಯೋದಿಲ್ಲ. ಹಳೇ ಮಾಡೆಲ್ಲಿನ ಪಾರ್ಟ್ ಅಂಗಡಿಯಲ್ಲಿ ಸಿಗದಿದ್ರೆ ಹುಬ್ಬಳ್ಳಿಯ ಗೋಕುಲ ರೋಡಿಗೆ ಓಡಬೇಕು. ಊರಲ್ಲೇ ಒಂದು ಮಿಲ್ಲಿಂಗ್ ಮಷಿನ್ ಇದ್ದು, ಅದು ನೆಟ್ಟಗೆ ಕಡಿದ್ರೆ ಒಂದು ದಿನ ಉಳೀತೈತಿ.

ನೆಟ್ಟಗೆ ಕಡೀಬೇಕಲ್ಲ, ತ್ರಾಸು ಇರೋದೇ ಅಲ್ಲಿ. ಸೆಕೆಂಡ್ ಹ್ಯಾಂಡ್ ಮಷಿನ್ ಜೊತೆ ಒಂದು ಇಂಚಿನ ಆರ್ಬರ್ ಬಂದಿರುತ್ತೆ, ಅಂದ್ರೆ 25.4 ಮಿ.ಮೀ. ಪೇಟೆಯಿಂದ ತಂದ ಕಟ್ಟರಿನ ತೂತು 27. ಮಧ್ಯೆ ತಗಡು ಸುತ್ತಿ ಕೂಡಿಸೋದನ್ನ ನಾವೇ ಕಂಡಿದ್ದೀವಿ. 1.6 ಮಿ.ಮೀ. ಸಡಿಲ ಒಂದೇ ಕಡೆ ಬಿದ್ದರೆ ಕಟ್ಟರ್ ನಡುವಿನಿಂದ 0.8 ಮಿ.ಮೀ. ಸರಿದು ತಿರುಗುತ್ತೆ. ಒಂದು ಹಲ್ಲಿಗೆ ನಾವು ಕೊಡುವ ಫೀಡ್ ಮಿಲಿಮೀಟರಿನ ಕೆಲವೇ ನೂರನೇ ಭಾಗ. ಹಂಗಾಗಿ ಒಂದೆರಡು ಹಲ್ಲು ಮಾತ್ರ ದುಡೀತಾವ, ಉಳಿದವು ಗಾಳಿ ತಿರುಗ್ತಾವ. ಆಮೇಲೆ ಕಟ್ಟರ್ ಕಂಪನಿಯನ್ನ ಬೈಯೋದು!

ತೂತು ಹೊಂದಿದ್ರೂ ಕೆಲಸ ಮುಗೀಲಿಲ್ಲ. ಆರ್ಬರ್ ಬಾಗುವುದು ಉದ್ದದ ಘನಕ್ಕೆ ತಕ್ಕಂತೆ ಹೆಚ್ಚುತ್ತೆ, ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಕಡಿಮೆಯಾಗುತ್ತೆ. 22ರ ಬದಲು 27 ಹಾಕಿದ್ರೆ ಬಿಗುವು ಎರಡೂಕಾಲು ಪಟ್ಟು. ಆಧಾರಗಳ ನಡುವಿನ ಉದ್ದ ಅರ್ಧ ಮಾಡಿದ್ರೆ ಎಂಟು ಪಟ್ಟು! ಅದಕ್ಕೆ ಕಟ್ಟರ್ ಕಾಲಮ್ಮಿಗೆ ಹತ್ತಿರ, ಯೋಕ್ ಕಟ್ಟರಿಗೆ ಹತ್ತಿರ ಇರಬೇಕು. ಕೊನೆಗೆ ಸಣ್ಣ ಪೈಲಟ್ ಇರುವ ಎ ಸ್ಟೈಲ್ ಆರ್ಬರ್, ಯೋಕ್ ಜಾಬಿಗೋ ವೈಸಿಗೋ ತಗಲುವ ಕಡೆ ಒಳ್ಳೇದು. ಭಾರೀ ಕಟ್ ಇದ್ರೆ ದಪ್ಪ ಬೇರಿಂಗ್ ಸ್ಲೀವ್ ಇರುವ ಬಿ ಸ್ಟೈಲ್. ಆ ಸ್ಲೀವನ್ನ ಬೇಕಾದಲ್ಲಿ ಸರಿಸಬಹುದು. ಫೇಸ್ ಮಿಲ್ಲಿಗೆ ಗಿಡ್ಡ ಸ್ಟಬ್ ಆರ್ಬರ್ ಸಾಕು.

ಈಗೆಲ್ಲಾ ಸಿಎನ್‌ಸಿ, ಇದನ್ನ ಯಾಕೆ ಕಲೀಬೇಕು ಅಂತೀರಾ? ವಿಎಂಸಿಯ ಬಿಟಿ 40 ಹೋಲ್ಡರಿನ ಟೇಪರ್ರೂ ಅದೇ 7/24, ಅಲ್ಲೂ ಹೊರಚಾಚಿದಷ್ಟು ನಡುಗೋದೇ. ಆದ್ರೆ ಟೇಪರ್ ಒಂದೇ ಅಂತ ಐಎಸ್‌ಒ 40 ಆರ್ಬರನ್ನ ಅದಕ್ಕೆ ಸಿಗಿಸೋಕೆ ಹೋಗಬೇಡ್ರಿ, ಫ್ಲೇಂಜೇ ಬೇರೆ.

ನಾವು ಕೇಳೋದು ಒಂದೇ ಒಂದು ಲ್ಯಾಬ್ ಕ್ಲಾಸು. ಟೇಬಲ್ ಮೇಲೆ ನಾಲ್ಕು ಆರ್ಬರ್, ನಾಲ್ಕು ಕಟ್ಟರ್ ಇಡಲಿ. ನಾವೇ ಆರಿಸ್ತೀವಿ, ಕಾಲರ್‌ಗಳ ಮುಖ ಒರೆಸಿ ಪೋಣಿಸ್ತೀವಿ. ನಡುವೆ ಒಂದು ಚೂರು ಚಿಪ್ಸ್ ಸಿಕ್ಕರೂ ನಟ್ ಬಿಗಿದಾಗ ಆರ್ಬರ್ ಬಾಗುತ್ತೆ. ಯೋಕ್ ಕೂಡಿಸಿದ ಮೇಲೇ ನಟ್ ಬಿಗೀತೀವಿ. ಆಮೇಲೆ ಡಯಲ್ ಗೇಜ್ ಹಚ್ಚಿ, ಮುಳ್ಳು ಎಷ್ಟು ಓಡಾಡ್ತದ ಅಂತ ರೆಕಾರ್ಡಿನಲ್ಲಿ ಬರೀತೀವಿ. ಮುಂದೆ ಊರಲ್ಲಿ ಹಳೇ ಮಷಿನ್ ಕೊಳ್ಳೋರು ಬಣ್ಣ, ಮೋಟರ್ ನೋಡೋಕೂ ಮೊದಲು ಜೊತೆಗೆ ಯಾವ್ಯಾವ ಆರ್ಬರ್ ಕೊಡ್ತೀರಿ ಅಂತ ಕೇಳ್ರಿ.