ಕಡ್ಡಿಪೆಟಗಿಯ ಪರವಾಗಿ

ಹಿಡಕಲ್ಲಿನ ನಮ್ಮ ಓಣಿಯಲ್ಲಿ ನನ್ನ ಕಾರಿಗೆ ‘ಕಡ್ಡಿಪೆಟಗಿ’ ಎಂದು ಹೆಸರು. ಪೂರಾ ಮೂರೂವರೆ ಮೀಟರ್ ಉದ್ದವೂ ಇಲ್ಲದ, ನಾಲ್ವರು ಕೂತ ಮೇಲೆ ಐದನೆಯವರು ಉಸಿರು ಬಿಗಿಹಿಡಿಯಬೇಕಾದ ಗಾಡಿ. ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅದರ ಬೆನ್ನಿಗೇ ಬರುವ ಉಪದೇಶದ ಬಗ್ಗೆ. “ತಮ್ಮಾ, ಹೆಂಡ್ರು ಮಕ್ಕಳನ್ನ ಕರಕೊಂಡ ಇದರಾಗ ಹೈವೇಕ್ಕ ಹೋಗಬ್ಯಾಡ. ಒಂದ್ ಸಲ ಗುದ್ದಿದ್ರ ಮುಗೀತು. ಸಾಲಾ ಮಾಡಿಯಾದ್ರೂ ಒಂದು ದೊಡ್ಡ ಗಾಡಿ ತಗೋ” ಎಂದು ಓಣಿಯ ಕಾಕಾಗಳು ಹೇಳುತ್ತಲೇ ಇರುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಪ್ರೀತಿಯೊಳಗೆ ಒಂದು ನಂಬಿಕೆ ಅಡಗಿ ಕೂತಿದೆ: ಸುರಕ್ಷತೆ ಅಂದರೆ ತೂಕ, ತೂಕ ಕೊಳ್ಳಲು ದುಡ್ಡು ಬೇಕು, ದುಡ್ಡಿಲ್ಲದವನು ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಾಡಬೇಕು. ಈ ನಂಬಿಕೆ ಅರ್ಧ ಸುಳ್ಳು. ಉಳಿದರ್ಧ ನಿಜವಿದ್ದರೂ ಅನ್ಯಾಯದ್ದು. ಎರಡನ್ನೂ ಬಿಡಿಸಿ ನೋಡಬೇಕು.

ಮೊದಲು ಉಪಯೋಗದ ಮಾತು. ಹಿಡಕಲ್ಲಿನವರ ಬದುಕು ಅಣೆಕಟ್ಟಿನ ಬುಡದಲ್ಲೇ ಮುಗಿಯುವುದಿಲ್ಲ. ತಾಲೂಕಿನ ಕಚೇರಿ ಹುಕ್ಕೇರಿಯಲ್ಲಿ, ರೈಲು ಘಟಪ್ರಭಾದಲ್ಲಿ, ಮದುವೆಯ ಜವಳಿಗೆ ಗೋಕಾಕ, ದೊಡ್ಡ ದವಾಖಾನೆಗೆ ಬೆಳಗಾವಿ. ಗೋಕಾಕದ ಹಳೆಯ ಪೇಟೆಯಲ್ಲಿ ಎದುರಿಗೊಂದು ಟೆಂಪೊ ಬಂದರೆ ನನ್ನ ಕಾರು ಅಂಗಡಿ ಕಟ್ಟೆಗೆ ಒತ್ತಿ ನಿಂತು ದಾರಿ ಬಿಡುತ್ತದೆ. ಅದೇ ಜಾಗದಲ್ಲಿ ದೊಡ್ಡ ಗಾಡಿ ಸಿಕ್ಕಿಕೊಂಡರೆ ಹಿಂದಿನ ಸಾಲು ಹತ್ತು ನಿಮಿಷ ಹಾರ್ನ್ ಹೊಡೆಯುತ್ತ ನಿಲ್ಲಬೇಕು. ಮನೆ ಮುಂದೆ ಎಮ್ಮೆ ಕಟ್ಟುತ್ತಿದ್ದ ಜಾಗ ಇದಕ್ಕೆ ಸಾಕು. ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಕೆಟ್ಟರೆ ಹತ್ತಿರದ ಗ್ಯಾರೇಜಿನಲ್ಲೇ ರಿಪೇರಿಯಾಗುತ್ತದೆ. ನನ್ನ ಅವ್ವನಿಗೆ ಮೊಣಕಾಲು ನೋವು; ಬೈಕಿನ ಹಿಂದೆ ಕಾಲೆತ್ತಿ ಕೂರಲಾರಳು, ಎತ್ತರದ ಗಾಡಿಯನ್ನೂ ಏರಲಾರಳು. ತಿಂಗಳಿಗೊಮ್ಮೆ ಅವಳು ದವಾಖಾನೆ ಮುಟ್ಟುವುದು ಈ ಕಡ್ಡಿಪೆಟಗಿಯಿಂದ.

ಇನ್ನು ಸುರಕ್ಷತೆ. ನಮ್ಮ ಸೀಮೆಯಲ್ಲಿ ಸಣ್ಣ ಕಾರನ್ನು ಹೋಲಿಸಬೇಕಾದ್ದು ದೊಡ್ಡ ಕಾರಿನ ಜೊತೆಗಲ್ಲ, ಬೈಕಿನ ಜೊತೆಗೆ. ಟ್ಯಾಂಕಿನ ಮೇಲೊಂದು ಮಗು, ನಡುವೆ ಇನ್ನೊಂದು, ಹಿಂದೆ ಸೆರಗು ಬಿಗಿಹಿಡಿದ ಹೆಂಡತಿ, ಅವಳ ತೊಡೆಯ ಮೇಲೆ ಸಂತೆ ಚೀಲ. ಇದು ನಾವು ದಿನಾ ನೋಡುವ ಸಂಸಾರ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು, ಶೇ. 19.5ರಷ್ಟು ಜನ ನಡೆದು ಹೋಗುತ್ತಿದ್ದವರು. ಅಂದರೆ ಸತ್ತ ನೂರು ಜನರಲ್ಲಿ 64 ಮಂದಿಯ ಸುತ್ತ ಒಂದು ತಗಡೂ ಇರಲಿಲ್ಲ. ನನ್ನ ಕಾರನ್ನು ಕಂಡು ಹೆದರುವ ಕಾಕಾ, ತಮ್ಮ ಮಗ ನಾಲ್ವರನ್ನು ಬೈಕಿನ ಮೇಲೆ ಕೂರಿಸಿಕೊಂಡು ಜಾತ್ರೆಗೆ ಹೊರಟಾಗ “ಸಾವಕಾಶ ಹೋಗ್ರಿ” ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಆ ಸಂಸಾರ ಬೈಕ್ ಇಳಿದು ಸಣ್ಣ ಕಾರು ಹತ್ತಿದರೆ ಮಕ್ಕಳ ತಲೆಯ ಮೇಲೊಂದು ಸೂರು, ಮುಂದೊಂದು ಬಾನೆಟ್ಟು, ಮೈಗೊಂದು ಬೆಲ್ಟು ಬಂದಂತಾಯಿತು.

ಇದೇ ಲೆಕ್ಕಾಚಾರದ ಮೇಲೆ ಹುಟ್ಟಿದ್ದು ಟಾಟಾ ನ್ಯಾನೊ. 2008ರ ಜನವರಿಯಲ್ಲಿ ಅದನ್ನು ತೋರಿಸಿದಾಗ ಒಂದು ಲಕ್ಷ ರೂಪಾಯಿಯ ಕಾರು ಎಂದು ಲೋಕವೆಲ್ಲ ಬೆರಗಾಯಿತು. ಸಿಂಗೂರಿನಿಂದ ಕಾರಖಾನೆ ಎದ್ದಾಗ ನಮ್ಮ ರಾಜ್ಯವೂ ಧಾರವಾಡಕ್ಕೆ ಬನ್ನಿ ಎಂದು ಕರೆದಿತ್ತು. ಅದು ಗುಜರಾತಿನ ಸಾಣಂದಕ್ಕೆ ಹೋಯಿತು. ಮುಂದೆ ಜನ ನ್ಯಾನೊವನ್ನು ಕೈಬಿಟ್ಟರು. 2018ರ ಜೂನ್ ತಿಂಗಳಲ್ಲಿ ತಯಾರಾದದ್ದು ಒಂದೇ ಒಂದು ಕಾರು. ಅದಕ್ಕೆ ಅಗ್ಗದ ಕಾರು ಎಂಬ ಹಣೆಪಟ್ಟಿ ಹಚ್ಚಿದ್ದೇ ಮುಳುವಾಯಿತೆಂದು ರತನ್ ಟಾಟಾ ಅವರೇ ಆಮೇಲೆ ಹೇಳಿದರು. ನಾಚಿಕೆಯಿಂದ ಜನ ಕೊಳ್ಳಲಿಲ್ಲ ಎನ್ನುವುದು ನಿಜವಿರಬಹುದು. ಆದರೆ ನ್ಯಾನೊದ ಮೇಲಿನ ನಿಜವಾದ ಆರೋಪ ಅದಕ್ಕಿಂತ ಗಂಭೀರವಾದದ್ದು. ಬೈಕಿನಿಂದ ಇಳಿದು ಬಂದ ಸಂಸಾರಕ್ಕೆ ಅದು ಸೂರು ಕೊಟ್ಟಿತು, ಏರ್‌ಬ್ಯಾಗ್ ಕೊಡಲಿಲ್ಲ.

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದ ಐದು ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ನ್ಯಾನೊ, ಆಲ್ಟೊ 800, ಐ10, ಫಿಗೊ, ಪೋಲೊ. ಏರ್‌ಬ್ಯಾಗ್ ಇಲ್ಲದ ಈ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ನಮ್ಮಲ್ಲಿ ಹೆಚ್ಚಿನವರು ನೆನಪಿಟ್ಟುಕೊಂಡದ್ದು ಇಷ್ಟೇ: ಸಣ್ಣ ಕಾರು ಅಂದರೆ ಸೊನ್ನೆ. ಆದರೆ ಕತೆಯ ಇನ್ನರ್ಧ ಬೇರೆಯೇ ಇದೆ. ಅದೇ ಪೋಲೊಗೆ ಮುಂದೆ ಎರಡು ಏರ್‌ಬ್ಯಾಗ್ ಹಾಕಿ ಗುದ್ದಿಸಿದಾಗ ನಾಲ್ಕು ನಕ್ಷತ್ರ ಬಂದವು. ಉದ್ದ ಅದೇ, ಅಗಲ ಅದೇ. ನ್ಯಾನೊ, ಆಲ್ಟೊ, ಐ10ಗಳಲ್ಲಿ ಚೌಕಟ್ಟೇ ದುರ್ಬಲ, ಏರ್‌ಬ್ಯಾಗ್ ಹಾಕಿದರೂ ಉಪಯೋಗ ಅಷ್ಟಕ್ಕಷ್ಟೇ ಎಂಬುದು ಪರೀಕ್ಷಕರ ತೀರ್ಮಾನವಾಗಿತ್ತು. ಹಾಗಾದರೆ ಮೂರು ಮೀಟರಿನಲ್ಲಿ ಗಟ್ಟಿ ಚೌಕಟ್ಟು ಕಟ್ಟಲು ಬರುವುದೇ ಇಲ್ಲವೇ? ಬರುತ್ತದೆ. ಮೂರು ಮೀಟರಿಗೂ ತುಸು ಕಡಿಮೆ ಉದ್ದವಿದ್ದ, ಅಂದರೆ ನ್ಯಾನೊಗಿಂತಲೂ ಗಿಡ್ಡವಾದ ಟೊಯೊಟಾ ಐಕ್ಯೂ 2009ರ ಯುರೋಪಿನ ಪರೀಕ್ಷೆಯಲ್ಲಿ ಐದಕ್ಕೆ ಐದು ನಕ್ಷತ್ರ ಪಡೆಯಿತು. ನಕ್ಷತ್ರ ಕಡಿಮೆಯಾಗಿದ್ದು ಉದ್ದ ಕಡಿಮೆಯಾದ್ದರಿಂದಲ್ಲ. ಉಕ್ಕಿನಲ್ಲಿ, ವಿನ್ಯಾಸದಲ್ಲಿ, ಬೆಲೆಯಲ್ಲಿ ಎಲ್ಲಿ ಉಳಿಸಬೇಕೆಂದು ಯಾರೋ ಕೂತು ತೀರ್ಮಾನ ಮಾಡಿದ್ದರಿಂದ.

ಆ ತೀರ್ಮಾನ ಮಾಡಲು ಕಾನೂನೇ ಎಡೆಕೊಟ್ಟ ಉದಾಹರಣೆ ನಮ್ಮ ಬೆಂಗಳೂರಿನದು. ಚೇತನ್ ಮೈನಿ ಅವರ ರೇವಾ ವಿದ್ಯುತ್ ಕಾರು 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂತು. ಹೊಗೆಯಿಲ್ಲದ ಪುಟ್ಟ ಗಾಡಿ; ಇವತ್ತಿನ ವಿದ್ಯುತ್ ಕಾರುಗಳಿಗೆಲ್ಲ ದಾರಿ ತೋರಿದ್ದು. ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಓಡಿತು. ಆದರೆ ಅಲ್ಲಿನ ಕಾನೂನಿನ ಪ್ರಕಾರ ಅದು ಕಾರಲ್ಲ, ಕ್ವಾಡ್ರಿಸೈಕಲ್. ಹಾಗಾಗಿ ಕಾರುಗಳು ಪಾಸಾಗಬೇಕಾದ ಡಿಕ್ಕಿ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ಒಂದು ಪತ್ರಿಕೆ ಅದನ್ನು ಗುದ್ದಿಸಿ ನೋಡಿ, ಒಳಗಿನ ಗೊಂಬೆಯ ಗತಿ ಅಚ್ಚು ಹಾಕಿದ ಮೇಲೆ ಗದ್ದಲವಾಯಿತು. ಅಲ್ಲಿಯವರೆಗೂ ಯಾರೂ ಕೇಳಿರಲಿಲ್ಲ. ನಮ್ಮ ದೇಶದಲ್ಲೂ ಕ್ವಾಡ್ರಿಸೈಕಲ್ ಎಂಬ ವರ್ಗವಿದೆ; ಆ ವರ್ಗದ ಬಜಾಜ್ ಕ್ಯೂಟ್ 2016ರ ಯುರೋಪಿನ ಪರೀಕ್ಷೆಯಲ್ಲಿ ಒಂದು ನಕ್ಷತ್ರ ಪಡೆಯಿತು. ಕಾರಿನಂತೆ ಕಾಣುತ್ತದೆ, ಕಾರಿನ ನಿಯಮ ಅದಕ್ಕಿಲ್ಲ. ಸಣ್ಣದಕ್ಕೆ ಸಣ್ಣ ನಿಯಮ ಸಾಕು ಎಂಬ ಈ ಧೋರಣೆಯೇ ನನ್ನ ಎದುರಾಳಿ.

ಆ ಕಾಲದಲ್ಲಿ ಕೇಳಿಬರುತ್ತಿದ್ದ ಸಮಜಾಯಿಷಿ ಒಂದೇ. ಏರ್‌ಬ್ಯಾಗ್ ಹಾಕಿದರೆ ಬೆಲೆ ಏರುತ್ತದೆ, ಬಡವ ಮತ್ತೆ ಬೈಕಿಗೆ ಹೋಗುತ್ತಾನೆ. ಬಡವನ ಹೆಸರು ಹೇಳಿ ಬಡವನ ಎದೆಗೂಡನ್ನು ಪಣಕ್ಕಿಟ್ಟ ವಾದವಿದು. 2019ರ ಜುಲೈಯಿಂದ ಚಾಲಕನಿಗೆ, ಆಮೇಲೆ 2021ರಲ್ಲಿ ಮುಂದೆ ಕೂತ ಇಬ್ಬರಿಗೂ ಏರ್‌ಬ್ಯಾಗ್ ಕಡ್ಡಾಯವಾಯಿತು. ಲೋಕ ಮುಳುಗಲಿಲ್ಲ. ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಪ್ರಸ್ತಾವವನ್ನು 2022ರಲ್ಲಿ ತಂದ ಸರ್ಕಾರ ಮೊದಲು ಮುಂದೂಡಿತು, ಆಮೇಲೆ ಕೈಬಿಟ್ಟಿತು. ಆದರೂ 2025ರಲ್ಲಿ ಆಲ್ಟೊ ಕೆ10ನಂಥ ಕಡಿಮೆ ಬೆಲೆಯ ಕಾರಿಗೇ ಆರು ಏರ್‌ಬ್ಯಾಗ್ ಬಂದವು. ಆಗುವುದೇ ಇಲ್ಲ ಎಂದದ್ದು ಆಯಿತಲ್ಲ!

ಈಗ ಕಾಕಾನ ಮಾತಿನಲ್ಲಿರುವ ನಿಜಕ್ಕೆ ಬರುತ್ತೇನೆ. ಎಷ್ಟೇ ಗಟ್ಟಿಯಾಗಿ ಕಟ್ಟಿದರೂ ಸಣ್ಣ ಕಾರು ಭಾರದ ಕಾರಿನೆದುರು ಸೋಲುತ್ತದೆ. ಲೆಕ್ಕ ಸರಳ. 700 ಕಿಲೊ ತೂಕದ ಕಾರು, 2,000 ಕಿಲೊ ತೂಕದ ಗಾಡಿ ಎರಡೂ ಗಂಟೆಗೆ 50 ಕಿ.ಮೀ. ವೇಗದಲ್ಲಿ ಮುಖಾಮುಖಿ ಗುದ್ದಿ ಅಂಟಿಕೊಂಡವು ಎನ್ನೋಣ. ದೊಡ್ಡದು ಸಣ್ಣದನ್ನು ತಳ್ಳಿಕೊಂಡು 24 ಕಿ.ಮೀ. ವೇಗದಲ್ಲಿ ಮುಂದೆ ಹೋಗುತ್ತದೆ. ದೊಡ್ಡ ಗಾಡಿಯಲ್ಲಿದ್ದವನ ವೇಗ ಒಂದೇ ಏಟಿಗೆ 26 ಕಿ.ಮೀ. ಬದಲಾದರೆ ಸಣ್ಣದರಲ್ಲಿದ್ದವನ ವೇಗ 74 ಕಿ.ಮೀ. ಬದಲಾಗುತ್ತದೆ. ಮೈಮೂಳೆಗೆ ಗೊತ್ತಾಗುವುದು ಈ ಬದಲಾವಣೆಯೇ. ಇದನ್ನು ಯಾವ ನಕ್ಷತ್ರವೂ ಅಳಿಸಲಾರದು.

ಆದರೆ ಇದೇ ಲೆಕ್ಕವನ್ನು ಆ ಕಡೆಯಿಂದ ಓದಿ. ದೊಡ್ಡ ಗಾಡಿಯವನು ಉಳಿಸಿಕೊಂಡ ಏಟು ಎಲ್ಲಿಗೆ ಹೋಯಿತು? ನನ್ನ ಮಗಳ ಮೈಮೇಲೆ. ಷೋರೂಮಿನಲ್ಲಿ ಸುರಕ್ಷತೆ ಎಂದು ಮಾರುವ ತೂಕದ ಒಂದು ಪಾಲು ಪಕ್ಕದವನ ಅಪಾಯ. ನಾನು ಹೆದರಿ ದೊಡ್ಡದು ಕೊಂಡರೆ ನನ್ನನ್ನು ನೋಡಿ ಇನ್ನೊಬ್ಬ ಇನ್ನೂ ದೊಡ್ಡದು ಕೊಳ್ಳುತ್ತಾನೆ, ಕೊನೆಗೆ ಬೈಕಿನವನೂ ನಡೆದು ಹೋಗುವವನೂ ಎಲ್ಲರ ಭಾರವನ್ನೂ ಹೊರುತ್ತಾರೆ. ಸರ್ಕಾರವೂ ಇದಕ್ಕೆ ಗಾಳಿ ಹಾಕುತ್ತಿದೆ. 2025ರ ಸೆಪ್ಟೆಂಬರ್ 22ರಿಂದ ‘ಸಣ್ಣ’ ಕಾರಿನ ಜಿಎಸ್‌ಟಿ ಶೇ. 18ಕ್ಕೆ ಇಳಿಯಿತು. ಸಣ್ಣದು ಅಂದರೆ ನಾಲ್ಕು ಮೀಟರಿನೊಳಗಿನ ಉದ್ದ ಮತ್ತು ಎಂಜಿನ್ನಿನ ಗಾತ್ರ. ತೂಕದ ಪ್ರಸ್ತಾಪವೇ ಇಲ್ಲ. ಹೀಗಾಗಿ ನಾಲ್ಕು ಮೀಟರಿಗೆ ಬಾಲ ಕತ್ತರಿಸಿಕೊಂಡ, ಎತ್ತರಕ್ಕೂ ಭಾರಕ್ಕೂ ಬೆಳೆದ ಗಾಡಿಗಳೂ ‘ಸಣ್ಣ’ವೇ. ಜಪಾನಿನ ಕೇ ಕಾರುಗಳಿಗೆ ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿ.ಸಿ. ಮೀರಬಾರದೆಂಬ ಕಟ್ಟಳೆಯಿದೆ, ಅದಕ್ಕೆ ತಕ್ಕ ತೆರಿಗೆ ವಿನಾಯಿತಿಯೂ ಇದೆ. ಪ್ಯಾರಿಸ್ ನಗರ 2024ರಲ್ಲಿ 1.6 ಟನ್ ಮೀರಿದ ಹೊರಗಿನ ಕಾರುಗಳ ಪಾರ್ಕಿಂಗ್ ದರವನ್ನು ಮೂರು ಪಟ್ಟು ಮಾಡಿತು. ಭಾರ ಹೊರಿಸುವವನು ಭಾರಕ್ಕೆ ತಕ್ಕ ತೆರಿಗೆ ಕಟ್ಟಲಿ ಎಂಬುದು ಹೊಸ ಹುಚ್ಚಲ್ಲ.

ಇನ್ನು ನಮ್ಮ ರಸ್ತೆ. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಹುಕ್ಕೇರಿ, ಗೋಕಾಕ, ಮೂಡಲಗಿಯ ರಸ್ತೆಗಳಲ್ಲಿ ರಾತ್ರಿ ಕಾರು ಓಡಿಸುವುದು ದೇವರ ಮೇಲೆ ಭಾರ ಹಾಕಿದಂತೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಅಕ್ಕಪಕ್ಕಕ್ಕೆ ಚಾಚಿದ ಕಬ್ಬು, ಹಿಂದೆ ಕೆಂಪು ದೀಪವಿಲ್ಲ, ಪ್ರತಿಫಲಕ ಪಟ್ಟಿ ಇದ್ದರೂ ಧೂಳಿನಲ್ಲಿ ಮುಚ್ಚಿಹೋಗಿದೆ, ಮುಂದೆ ಹಾಡಿನ ಅಬ್ಬರಕ್ಕೆ ಚಾಲಕನಿಗೆ ಹಾರ್ನ್ ಕೇಳದು. ಕತ್ತಲಲ್ಲಿ ರಸ್ತೆ ಮೇಲೆ ನಿಂತ ಅಂಥ ಟ್ರೇಲರಿಗೆ ಹಿಂದಿನಿಂದ ಹೋಗಿ ಬಡಿದರೆ ಎರಡು ಟನ್ನಿನ ಗಾಡಿಯೂ ಕಡ್ಡಿಪೆಟಗಿಯೇ. ಅಲ್ಲಿ ಜೀವ ಉಳಿಸುವುದು ಹತ್ತಾರು ಲಕ್ಷದ ಉಕ್ಕಲ್ಲ, ಕೆಲವು ನೂರು ರೂಪಾಯಿಯ ದೀಪ. ಆ ದೀಪ ಹಚ್ಚಿಸಬೇಕಾದವರು ಸುಮ್ಮನಿದ್ದಾರೆ, ನಾವು ಮಾತ್ರ ಸಾಲ ಮಾಡಿ ದೊಡ್ಡ ಕಾರು ಕೊಳ್ಳಬೇಕಂತೆ.

ಒಳಗೆ ಕೂತವರ ಪಾಲೂ ಇದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರಿದ್ದದ್ದು ಮರ್ಸಿಡಿಸ್ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ನಮ್ಮ ಕಡೆ ಹಿಂದಿನ ಬೆಲ್ಟನ್ನು ಸೀಟ್ ಕವರಿನಡಿ ತುರುಕಿಟ್ಟ ಕಾರುಗಳೇ ಹೆಚ್ಚು. ನನ್ನ ಕಡ್ಡಿಪೆಟಗಿಯಲ್ಲಿ ಅವ್ವ ಬೆಲ್ಟ್ ಹಾಕಿದ ಮೇಲೆಯೇ ಕೀಲಿ ತಿರುಗುತ್ತದೆ. “ನನ್ನನ್ಯಾಕ ಕಟ್ಟಿಹಾಕತಿ?” ಎಂದು ಬೈಯುತ್ತಾಳೆ. ಬೈಯಲಿ.

ನಾನು ಕೇಳುವುದು ಕೆಲವೇ ಸಂಗತಿ. ಅತಿ ಅಗ್ಗದ ಕಾರಿಗೂ ಅತಿ ದುಬಾರಿ ಕಾರಿಗೂ ಚೌಕಟ್ಟಿನ, ಏರ್‌ಬ್ಯಾಗಿನ ನಿಯಮ ಒಂದೇ ಇರಲಿ. 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದಾಗಿರದೆ ಕಡ್ಡಾಯವಾಗಲಿ. ತೆರಿಗೆ ತೂಕವನ್ನೂ ನೋಡಲಿ. ದೀಪವಿಲ್ಲದ ಟ್ರೇಲರಿನ ಕಬ್ಬನ್ನು ಕಾರಖಾನೆಯ ಗೇಟಿನಲ್ಲಿ ತೂಗದೆ ನಿಲ್ಲಿಸಲಿ. ಒಂದೇ ವಾರದಲ್ಲಿ ರಸ್ತೆ ತುಂಬ ಕೆಂಪು ದೀಪ ಕಾಣುತ್ತವೆ. ಇವ್ಯಾವುದನ್ನೂ ಒಬ್ಬ ಗಿರಾಕಿ ಷೋರೂಮಿಗೆ ಹೋಗಿ ಕೊಳ್ಳಲಾರ. ಕಾನೂನು ಕೊಡಬೇಕು, ನಾವು ಕೂಡಿ ಕೇಳಬೇಕು. ರಸ್ತೆ ಎಲ್ಲರದು ಎನ್ನುವುದಾದರೆ ಅದರ ಮೇಲೆ ಸಣ್ಣದಾಗಿ ಓಡಾಡುವ ಹಕ್ಕೂ, ಸಣ್ಣದಾಗಿ ಓಡಾಡಿ ಜೀವಂತ ಮನೆಗೆ ಬರುವ ಹಕ್ಕೂ ಇರಬೇಕು.