ಗ್ರಿಪ್ಪು ಇದ್ದ ಮಾತ್ರಕ್ಕೆ ಟೈರು ಗಟ್ಟಿಯೇ?



ಹಳೆಯ ಕಾರು ಕೊಂಡವರು ಈಗ ಹಳ್ಳಿಗಳಲ್ಲಿ ಅನೇಕರಿದ್ದಾರೆ. ವಾರಕ್ಕೊಮ್ಮೆ ಸಂತೆಗೆ, ವರ್ಷದಲ್ಲಿ ನಾಲ್ಕಾರು ಬಾರಿ ಮದುವೆ, ಜಾತ್ರೆಗಳಿಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೊರಡುವ ಈ ಕಾರು, ಉಳಿದ ದಿನವೆಲ್ಲ ಬಣವೆಯ ಪಕ್ಕದಲ್ಲಿ ಬಿಸಿಲಿಗೆ ನಿಂತಿರುತ್ತದೆ. "ಓಡಿದ್ದೇ ಕಡಿಮೆ, ಗ್ರಿಪ್ಪು ಹೊಸದರಂತಿದೆ" ಎಂಬುದು ಯಜಮಾನರ ಸಮಾಧಾನ. ಈ ಸಮಾಧಾನವನ್ನು ನಂಬಬೇಡಿರಿ.

ಬಿತ್ತನೆ ಬೀಜದ ಚೀಲ ಕೊಳ್ಳುವಾಗ ತಾವು ತಾರೀಖು ನೋಡುವುದಿಲ್ಲವೇ? ಟೈರಿಗೂ ತಾರೀಖುಂಟು. ಅದರ ಪಕ್ಕೆಯ ಮೇಲೆ ಡಿಓಟಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಓದಿರಿ. 2317 ಎಂದಿದ್ದರೆ ಅದು 2017ರ 23ನೆಯ ವಾರದಲ್ಲಿ ತಯಾರಾದದ್ದು. ಹೊರಗೆ ಕಾಣದಿದ್ದರೆ ಒಳಪಕ್ಕೆಯಲ್ಲಿ ಹುಡುಕಬೇಕು. ಓಡದೆ ನಿಂತರೂ ಬಿಸಿಲು, ಗಾಳಿಗೆ ರಬ್ಬರು ಪೆಡಸಾಗಿ ಬಿರುಕು ಬಿಡುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷಿಸಬೇಕು, ಹತ್ತು ವರ್ಷವಾದದ್ದನ್ನು ನೋಟಕ್ಕೆ ಚೆನ್ನಾಗಿದ್ದರೂ ತೆಗೆಯಬೇಕು ಎಂಬುದು ಹಲವು ತಯಾರಕರ ಸಲಹೆ. ಸ್ಟೆಪ್ನಿಗೂ ಇದೇ ಲೆಕ್ಕ. (ನಮ್ಮದೇ ಕಾರಿನ ಸ್ಟೆಪ್ನಿಗೆ ಹನ್ನೊಂದು ವರ್ಷ ತುಂಬಿದ್ದು ಪಂಕ್ಚರಾದ ದಿನವೇ ತಿಳಿದದ್ದು. ಊರಿಗೆಲ್ಲ ಬುದ್ಧಿ ಹೇಳುವವರ ಪಾಡು ಹೀಗೆ!)

ಇನ್ನು ಸವೆತದ ಮಾತು. ಕಾರಿನ ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹೇಳಿದೆ. ಗೀರುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ, ಹೊಲದ ಬದುವಿನಂತೆ, ಸಣ್ಣ ದಿಬ್ಬಗಳಿರುತ್ತವೆ. ಟೈರಿನ ಮೈ ಸವೆದು ಆ ಬದುವಿಗೆ ಸಮವಾದರೆ ಅದರ ಆಯಸ್ಸು ತೀರಿತೆಂದು ತಿಳಿಯಿರಿ. ಗೀರಿಲ್ಲದ ಟೈರು ಮಳೆನೀರನ್ನು ಹೊರಹಾಕಲಾರದೆ ಅದರ ಮೇಲೆಯೇ ತೇಲತೊಡಗುತ್ತದೆ. ಆಗ ಬ್ರೇಕು ಒತ್ತಿಯೂ ಫಲವಿಲ್ಲ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಮುಂದಿನ ಟೈರುಗಳ ಒಳ ಅಂಚನ್ನೂ ನೋಡಬೇಕು. ಹೊರಗೆ ಚೆನ್ನಾಗಿದ್ದು ಒಳಗೆ ನುಣ್ಣಗಾಗಿರುವುದುಂಟು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಹೆಚ್ಚು.

ಪಕ್ಕೆಯಲ್ಲಿ ಬಾವು ಬಂದಂತೆ ಉಬ್ಬಿದ್ದರೆ, ಅಥವಾ ಸೀಳಿನೊಳಗೆ ನೂಲು ಕಂಡರೆ ಮುಂದೆ ವಿಚಾರ ಮಾಡುವುದೇನೂ ಇಲ್ಲ. ಒಳಗಿನ ನೂಲು ಹರಿದಿದೆ. ತೇಪೆಯಿಂದ ಅದು ಸರಿಯಾಗದು. ಅಂಥ ಟೈರಿಗೆ ಗಾಳಿ ಕಡಿಮೆಯಿದ್ದು, ಮೇಲೆ ನಾಲ್ಕು ಮೂಟೆ ರಾಗಿಯೂ ಇದ್ದರೆ, ಬೇಸಿಗೆಯ ಡಾಂಬರು ರಸ್ತೆಯಲ್ಲಿ ಕಾದು ಸಿಡಿಯಲು ಹೆಚ್ಚು ಹೊತ್ತು ಬೇಡ. ತೆಗೆದ ಟೈರನ್ನು ಅಗ್ಗಕ್ಕೆ ಇನ್ನೊಬ್ಬರ ಕಾರಿಗೆ ಮಾರುವುದೂ ಸಲ್ಲದು.

ಕೈಯಲ್ಲಿ ಹಣ ಎರಡು ಟೈರಿಗೆ ಮಾತ್ರ ಇದ್ದರೆ, ಹೊಸವನ್ನು ಹಿಂದಿನ ಗಾಲಿಗಳಿಗೆ ಹಾಕಿಸಿರಿ. ಮುಂದಕ್ಕೇ ಹಾಕಬೇಕೆಂದು ಹಲವರು ವಾದಿಸುತ್ತಾರೆ. ಆದರೆ ಒದ್ದೆ ರಸ್ತೆಯ ತಿರುವಿನಲ್ಲಿ ಹಿಂದಿನ ಗಾಲಿ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಅದನ್ನು ಹಿಡಿತಕ್ಕೆ ತರುವುದು ನುರಿತ ಡ್ರೈವರಿಗೂ ಕಷ್ಟ.