ಬೆರಳಿಗೆ ಬೆಲೆಯಿದೆ, ಗರಗಸಕ್ಕೆ ವಿಳಾಸವಿಲ್ಲ

ಕೆಲಸದಲ್ಲಿ ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 14 ನಷ್ಟ. ನಡುಬೆರಳಿಗೆ ಶೇ. 12. ಉಂಗುರಬೆರಳಿಗೋ ಕಿರುಬೆರಳಿಗೋ ಶೇ. 7. ಹೆಬ್ಬೆರಳಿಗೆ ಶೇ. 30. ಒಂದು ಕೈಯ ನಾಲ್ಕು ಬೆರಳೂ ಹೋದರೆ ಶೇ. 50. ಇದು 1923ರ ಪರಿಹಾರ ಕಾಯಿದೆಯ ಅನುಸೂಚಿಯಲ್ಲಿದ್ದ ಲೆಕ್ಕ. ಕಾರ್ಮಿಕನ ಕೈಯನ್ನು ಇಷ್ಟು ಕರಾರುವಾಕ್ಕಾಗಿ ಅಳೆದಿಟ್ಟ ದೇಶ ನಮ್ಮದು.

ಆ ಬೆರಳನ್ನು ತೆಗೆದ ಯಂತ್ರವನ್ನು ಯಾರು ಮಾಡಿದರು? ಅದರ ಸರಣಿ ಸಂಖ್ಯೆ ಎಷ್ಟು? ಅದೇ ಮಾದರಿಯವು ಇನ್ನೂ ಎಲ್ಲೆಲ್ಲಿ ಓಡುತ್ತಿವೆ? ಅದರ ಗಾರ್ಡು ಕಳಚಿಕೊಳ್ಳುತ್ತದೆಂದು ತಯಾರಕರಿಗೆ ಮೊದಲೇ ಗೊತ್ತಿತ್ತೇ? ಈ ಪ್ರಶ್ನೆಗಳಿಗೆ ನಮ್ಮಲ್ಲಿ ಅನುಸೂಚಿ ಇಲ್ಲ. ಮರ ಕೊಯ್ಯುವ ಯಂತ್ರಗಳ ಮಟ್ಟಿಗೆ, ಅದರಲ್ಲೂ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಲ್ಲ ಸಾಮಿಲ್ಲುಗಳ ಮಟ್ಟಿಗೆ, ದೋಷ ಗೊತ್ತಾದ ಮೇಲೂ ಸುಮ್ಮನಿರುವುದು ತಯಾರಕರಿಗೆ ಅತ್ಯಂತ ಅಗ್ಗದ ದಾರಿ. ಅದು ಅಗ್ಗವಾಗಿರುವುದು ನಾವು ಹಾಗೆ ಬಿಟ್ಟಿರುವುದರಿಂದ. ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ಯಂತ್ರವನ್ನು ನೋಡೋಣ. ಊರ ಹೊರಗಿನ ಸಾಮಿಲ್ಲಿನಲ್ಲಿ ದಿಮ್ಮಿ ಗರಗಸದ ಬಳಿಗೆ ಬರುತ್ತದೆ. ಸಾಗಿಸಬಲ್ಲ ಸಾಮಿಲ್ಲಿನಲ್ಲಿ ಗರಗಸವೇ ದಿಮ್ಮಿಯ ಬಳಿಗೆ ಹೋಗುತ್ತದೆ. ಉದ್ದನೆಯ ಎರಡು ಹಳಿ, ಅದರ ಮೇಲೆ ಜಾರುವ ತಲೆಭಾಗ, ತಲೆಯಲ್ಲಿ ಪೆಟ್ರೋಲ್ ಎಂಜಿನ್ನು, ಎರಡು ಗಾಲಿಗಳ ಮೇಲೆ ಬಿಗಿದ ಪಟ್ಟಿಯಂಥ ಬ್ಲೇಡು. ತೋಟದ ಸಿಲ್ವರ್ ಓಕ್ ದಿಮ್ಮಿಯನ್ನು ಹಳಿಯ ನಡುವೆ ಕಟ್ಟಿ ತಲೆಯನ್ನು ತಳ್ಳಿದರೆ ಹಲಗೆ ಬೀಳುತ್ತದೆ. ತಳ್ಳುವವನಿಗೂ ಬ್ಲೇಡಿಗೂ ನಡುವೆ ಇರುವುದು ಒಂದು ತಗಡಿನ ಗಾರ್ಡು, ಒಂದು ಥ್ರಾಟಲ್ ಕೇಬಲ್ಲು, ಒಂದು ಬ್ರೇಕು. ಹಿಡಿ ಬಿಟ್ಟಾಗ ಕೇಬಲ್ಲು ಅಂಟಿಕೊಂಡರೆ ಬ್ಲೇಡು ನಿಲ್ಲುವುದಿಲ್ಲ. ಗಾರ್ಡಿನ ಚಿಲಕ ಅದುರಿ ಸಡಿಲವಾದರೆ, ತುಂಡಾದ ಬ್ಲೇಡು ಗಾರ್ಡಿನೊಳಗೆ ಉಳಿಯುವುದಿಲ್ಲ.

ಇಂಥ ದೋಷ ಮೊದಲು ಗೊತ್ತಾಗುವುದು ಯಾರಿಗೆ? ಕೈ ಕಳೆದುಕೊಂಡವನಿಗೆ ತನ್ನ ಒಂದು ಯಂತ್ರ ಮಾತ್ರ ಗೊತ್ತು. ರಿಪೇರಿಯವನಿಗೆ ಹತ್ತು ಗೊತ್ತಿರಬಹುದು. ಒಂದೇ ಚಿಲಕವನ್ನು ಬೇರೆ ಬೇರೆ ಜಿಲ್ಲೆಗಳ ಡೀಲರುಗಳು ಮತ್ತೆ ಮತ್ತೆ ತರಿಸಿಕೊಳ್ಳುತ್ತಿದ್ದಾರೆ ಎಂಬುದು ಕಾಣುವುದು ತಯಾರಕರ ಬಿಡಿಭಾಗಗಳ ಲೆಕ್ಕದಲ್ಲಿ ಮಾತ್ರ. ಆಸ್ಪತ್ರೆಗೂ ಪೊಲೀಸರಿಗೂ ಪತ್ರಿಕೆಗೂ ಅದು ಒಂದೊಂದಾಗಿ ಬಂದ ಅವಘಡ. ತಯಾರಕರಿಗೆ ಅದು ಸಾಲು. ಆದ್ದರಿಂದ ಮಾತಾಡುವ ಹೊಣೆಯೂ ಅವರದೇ.

ಅಮೆರಿಕದ ಕಾನೂನು ಈ ಹೊಣೆಗೆ ಗಡುವು ಇಟ್ಟಿದೆ. ಗ್ರಾಹಕರ ಬಳಕೆಯ ವಸ್ತುವಿನಲ್ಲಿ ಅಪಾಯಕಾರಿ ದೋಷವಿದೆ ಎಂಬ ಮಾಹಿತಿ ಸಿಕ್ಕ 24 ಗಂಟೆಯೊಳಗೆ ತಯಾರಕರು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗಕ್ಕೆ ತಿಳಿಸಬೇಕು. 2022ರಲ್ಲಿ ಡಿವಾಲ್ಟ್ ಕಂಪನಿ ಮರ ಕೊಯ್ಯುವ ಸುಮಾರು 14 ಲಕ್ಷ ಮೈಟರ್ ಸಾಗಳನ್ನು ವಾಪಸಾತಿಗೆ ಒಳಪಡಿಸಿತು. ಹಿಂಬದಿಯ ಗಾರ್ಡು ಮುರಿಯುತ್ತಿದೆ, ಕಳಚುತ್ತಿದೆ ಎಂದು 500ಕ್ಕೂ ಹೆಚ್ಚು ದೂರು ಬಂದಿದ್ದವು. ಗಾಯಗೊಂಡವರ ಸಂಖ್ಯೆ ಎರಡಂಕಿಗೂ ಮುಟ್ಟಿರಲಿಲ್ಲ. ಅಲ್ಲಿನ ಕಂಪನಿಗಳು ಪುಣ್ಯಾತ್ಮರೆಂದು ನಾನು ಹೇಳುತ್ತಿಲ್ಲ. ಬೆರಳು ತಾಕಿದೊಡನೆ ಬ್ಲೇಡು ನಿಲ್ಲಿಸುವ ತಂತ್ರವನ್ನು ಸ್ಟೀವ್ ಗ್ಯಾಸ್ ಎಂಬಾತ 1999ರಲ್ಲೇ ಕಂಡುಹಿಡಿದರೂ ದೊಡ್ಡ ತಯಾರಕರು ಅದನ್ನು ಕೊಳ್ಳಲಿಲ್ಲ. ಕೊನೆಗೆ ಆತ ಸಾಸ್ಟಾಪ್ ಎಂಬ ತನ್ನದೇ ಕಂಪನಿ ಕಟ್ಟಬೇಕಾಯಿತು. ಅಲ್ಲೂ ಕಂಪನಿಗಳು ಬಾಯಿ ಬಿಡುವುದು ಸುಮ್ಮನಿದ್ದರೆ ದಂಡ ತೆರಬೇಕಾಗುತ್ತದೆ ಎಂಬ ಭಯಕ್ಕೆ.

ನಮ್ಮಲ್ಲಿ ಸುಮ್ಮನಿದ್ದುದಕ್ಕೆ ದಂಡ ಎಷ್ಟು? 1948ರ ಕಾರ್ಖಾನೆ ಕಾಯಿದೆಯ 26ನೇ ಕಲಮಿನ ಪ್ರಕಾರ, ತಿರುಗುವ ಭಾಗಗಳಿಗೆ ಸರಿಯಾದ ಕವಚವಿಲ್ಲದ ಯಂತ್ರವನ್ನು ಕಾರ್ಖಾನೆಗೆ ಮಾರಿದವರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 500 ರೂಪಾಯಿವರೆಗೆ ದಂಡ ಇತ್ತು. ಅದೂ ಯಂತ್ರ ಇರುವ ಜಾಗ ‘ಕಾರ್ಖಾನೆ’ ಆಗಿದ್ದರೆ. ವಿದ್ಯುತ್ತೋ ಎಂಜಿನ್ನೋ ಬಳಸುವ ಕಡೆ ಹತ್ತು ಜನ ಇದ್ದರೆ ಕಾರ್ಖಾನೆ ಎಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಹತ್ತನ್ನು ಇಪ್ಪತ್ತು ಮಾಡಿತು. ತೋಟದ ಅಂಚಿನಲ್ಲಿ ಮೂವರು ನಡೆಸುವ ಸಾಮಿಲ್ಲು ಹಿಂದೆಯೂ ಕಾರ್ಖಾನೆಯಾಗಿರಲಿಲ್ಲ. ಈಗಂತೂ ಅದು ಇನ್ನೂ ದೂರ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆಯಲ್ಲ ಎನ್ನುತ್ತೀರಿ. ಇದೆ. ದೋಷಕ್ಕೆ ತಯಾರಕರ ಹೊಣೆ ಎಂಬ ಇಡೀ ಅಧ್ಯಾಯವೇ ಅದರಲ್ಲಿದೆ. ಅಪಾಯಕಾರಿ ವಸ್ತುಗಳನ್ನು ವಾಪಸು ಕರೆಸಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಅಧಿಕಾರವೂ ಇದೆ. ಆದರೆ ವ್ಯಾಪಾರಕ್ಕಾಗಿ ಕೊಂಡವನು ಆ ಕಾಯಿದೆಯ ಕಣ್ಣಿಗೆ ಗ್ರಾಹಕನಲ್ಲ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆಂದು ಕೊಂಡವನಿಗೆ ಮಾತ್ರ ವಿನಾಯಿತಿ. ಕೂಲಿಗೆ ಬಂದು ಗರಗಸ ತಳ್ಳುವವನು ಏನನ್ನೂ ಕೊಂಡೇ ಇಲ್ಲ. ಕೈ ಅವನದು, ಬಿಲ್ಲು ಇನ್ನೊಬ್ಬರ ಹೆಸರಿನಲ್ಲಿ.

ಆ ಪ್ರಾಧಿಕಾರ 2022ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಕಡ್ಡಾಯ ಗುಣಮಟ್ಟದ ಗುರುತಿಲ್ಲದ ಪ್ರೆಷರ್ ಕುಕ್ಕರುಗಳನ್ನು ಮಾರಲು ಬಿಟ್ಟದ್ದಕ್ಕೆ ಅಮೆಜಾನಿಗೆ 2,265, ಫ್ಲಿಪ್‌ಕಾರ್ಟಿಗೆ 598 ಕುಕ್ಕರುಗಳನ್ನು ವಾಪಸು ತರಿಸಿ ಹಣ ಮರಳಿಸಲು ಆದೇಶಿಸಿತು. ಸಂಖ್ಯೆಗಳನ್ನು ನೋಡಿ: ಬಿಡಿಬಿಡಿಯಾಗಿ, ಕೊನೆಯ ಅಂಕಿವರೆಗೆ ಲೆಕ್ಕ ಸಿಕ್ಕಿದೆ. ಕುಕ್ಕರು ಯಾರ ಮನೆಗೆ ಹೋಯಿತೆಂದು ಆ ಕಂಪನಿಗಳ ಬಳಿ ದಾಖಲೆ ಇದ್ದುದರಿಂದ ಹೀಗೆ ಎಣಿಸಲು ಆಯಿತು.

ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನು ಮರದಿಂದ ಸ್ವಲ್ಪ ದೂರ, ಆಸ್ಪತ್ರೆಯ ಉಪಕರಣಕ್ಕೆ ಹೋಗಬೇಕು. ಜಾನ್ಸನ್ ಅಂಡ್ ಜಾನ್ಸನ್ನಿನ ಡಿಪ್ಯೂ ವಿಭಾಗ ಎಎಸ್ಆರ್ ಎಂಬ ಲೋಹದ ಕೃತಕ ಸೊಂಟದ ಕೀಲನ್ನು ಮಾರುತ್ತಿತ್ತು. ಆಸ್ಟ್ರೇಲಿಯಾದಲ್ಲಿ ಕೀಲು ಬದಲಿಸಿಕೊಂಡವರ ರಾಷ್ಟ್ರೀಯ ನೋಂದಣಿ ಪುಸ್ತಕವಿದೆ. ಈ ಕೀಲು ಹಾಕಿಸಿಕೊಂಡವರಿಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುತ್ತಿದೆ ಎಂದು ಆ ಪುಸ್ತಕ ತೋರಿಸಿಕೊಟ್ಟಿತು. 2009ರ ಡಿಸೆಂಬರಿನಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಅದನ್ನು ತೆಗೆದರು. ಜಗತ್ತಿನಾದ್ಯಂತ ವಾಪಸಾತಿ ಘೋಷಿಸಿದ್ದು 2010ರ ಆಗಸ್ಟಿನಲ್ಲಿ. ಭಾರತದಲ್ಲಿ ಸುಮಾರು 4,700 ಮಂದಿಗೆ ಅದನ್ನು ಹಾಕಲಾಗಿತ್ತು. ಇಲ್ಲಿ ಮುಂಬೈಯಲ್ಲಿ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಪೊಲೀಸರಿಗೆ ದೂರು ಕೊಡುವವರೆಗೂ ಹೋಯಿತು. ಆದರೂ ಕೇಂದ್ರದ ತಜ್ಞರ ಸಮಿತಿ 2018ರಲ್ಲಿ ವರದಿ ಕೊಡುವ ಹೊತ್ತಿಗೆ ಮೂರೂವರೆ ಸಾವಿರಕ್ಕೂ ಹೆಚ್ಚು ರೋಗಿಗಳು ಎಲ್ಲಿದ್ದಾರೆಂದೇ ಗೊತ್ತಿರಲಿಲ್ಲ. ಅದೇ ವರ್ಷ ಸರ್ಕಾರ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರದ ಸೂತ್ರ ಕೊಟ್ಟಿತು. ಹಣದ ಲೆಕ್ಕ ಸಿಕ್ಕಿತು, ಮನುಷ್ಯರು ಸಿಗಲಿಲ್ಲ. ಆಸ್ಪತ್ರೆಯಲ್ಲಿ, ವೈದ್ಯರ ಸಹಿಯೊಂದಿಗೆ, ಮೈಯೊಳಗೇ ಕೂರಿಸಿದ ವಸ್ತುವಿನ ಗತಿ ಇದು. ತೋಟದಿಂದ ತೋಟಕ್ಕೆ ಹೋಗುವ ಗರಗಸದ ಗತಿ ಏನಿರಬಹುದು, ಯೋಚಿಸಿ.

ಇನ್ನು ನನ್ನ ಕಸುಬಿನ ಮಾತು. ನಾನು ಅನುವಾದಕಿ, ಯಂತ್ರಗಳ ಕೈಪಿಡಿ, ವಾರಂಟಿ ಕಾಗದ, ಎಚ್ಚರಿಕೆಯ ಸ್ಟಿಕ್ಕರುಗಳನ್ನು ಕನ್ನಡಕ್ಕೆ ತರುವುದೂ ನನ್ನ ಹೊಟ್ಟೆಪಾಡಿನ ಭಾಗ. ದೋಷದ ಸೂಚನೆಗಳಿಗೆ ಒಂದು ವಿಶೇಷ ವ್ಯಾಕರಣವಿದೆ. ಅಲ್ಲಿ ಕರ್ತೃ ಇರುವುದಿಲ್ಲ. ‘ಕೆಲವು ಘಟಕಗಳಲ್ಲಿ ಸಡಿಲತೆ ಕಂಡುಬಂದಿರುತ್ತದೆ.’ ಕಂಡವರು ಯಾರು, ಯಾವಾಗ ಕಂಡರು, ಕಂಡ ಮೇಲೆ ಎಷ್ಟು ಯಂತ್ರ ಮಾರಿದರು? ವಾಕ್ಯದಲ್ಲಿ ಅದಕ್ಕೆ ಜಾಗವಿಲ್ಲ. ‘ವಾಪಸಾತಿ’ ಎಂಬ ಮಾತು ಬರಬಾರದು. ‘ಸರ್ವಿಸ್ ಅಭಿಯಾನ’ ಎನ್ನಬೇಕು. ಒಮ್ಮೆ ಒಂದು ಕಂಪನಿಗೆ ನಾನು ‘ಈ ಭಾಗ ಬದಲಿಸುವವರೆಗೆ ಯಂತ್ರವನ್ನು ಚಾಲೂ ಮಾಡಬೇಡಿ’ ಎಂದು ಬರೆದುಕೊಟ್ಟೆ. ಮೂಲದಲ್ಲೂ ಹಾಗೆಯೇ ಇತ್ತು. ಅಚ್ಚಾಗಿ ಬಂದಾಗ ಅದು ‘ಎಚ್ಚರಿಕೆಯಿಂದ ಬಳಸಿ’ ಆಗಿತ್ತು. ಕೇಳಿದರೆ, ಪ್ರಾದೇಶಿಕ ಭಾಷೆಯ ಓದುಗರನ್ನು ಗಾಬರಿಪಡಿಸುವುದು ಬೇಡವೆಂದು ಮಾರಾಟ ವಿಭಾಗ ಹೇಳಿತಂತೆ. ಇಂಗ್ಲಿಷ್ ಓದುವವನಿಗೆ ಗಾಬರಿಯಾಗುವ ಹಕ್ಕಿದೆ, ಕನ್ನಡ ಓದುವವನಿಗಿಲ್ಲ.

ಇನ್ನೊಂದು ತೊಡಕು ನಮ್ಮ ‘ಬಹುದು’. ‘ನೀವಿನ್ನು ಹೊರಡಬಹುದು’ ಎಂದರೆ ಅನುಮತಿ. ‘ಗಾರ್ಡು ಕಳಚಬಹುದು’ ಎಂದರೆ ಸಾಧ್ಯತೆ. ಸಂಜೆ ಮಳೆ ಬರಬಹುದು ಎನ್ನುವಾಗಲೂ ಇದೇ ‘ಬಹುದು’. ಕೈ ಹೋಗುವ ಅಪಾಯವನ್ನು ಮಳೆಯ ಅಂದಾಜಿನ ದನಿಯಲ್ಲಿ ಹೇಳಿದರೆ ಓದಿದವನು ಕೆಲಸ ನಿಲ್ಲಿಸುವುದಿಲ್ಲ, ಕೊಡೆ ಹುಡುಕುತ್ತಾನೆ. ‘ಗಾರ್ಡು ಕಳಚುತ್ತದೆ. ಯಂತ್ರ ನಿಲ್ಲಿಸಿ. ಈ ನಂಬರಿಗೆ ಫೋನ್ ಮಾಡಿ.’ ಮೂರು ವಾಕ್ಯ ಸಾಕು. ಇದನ್ನು ಬರೆಯಲು ಭಾಷಾಶಾಸ್ತ್ರದ ಪದವಿ ಬೇಕಿಲ್ಲ. ಬರೆಯದೆ ತಪ್ಪಿಸಿಕೊಳ್ಳಲು ಮಾತ್ರ ಬಹಳ ವಿದ್ಯೆ ಬೇಕು.

ಆಡುಮಾತು ಕೂಡ ತಯಾರಕರ ಪಕ್ಷವನ್ನೇ ಹಿಡಿದಂತಿದೆ. ಅವಘಡವಾದಾಗ ‘ಮಿಷನ್ನಿಗೆ ಕೈ ಕೊಟ್ಟುಬಿಟ್ಟ’ ಎನ್ನುತ್ತಾರೆ. ತಾನಾಗಿ ದಾನ ಮಾಡಿದಂತೆ.

ಈಗ ತಯಾರಕರ ಉತ್ತರಗಳನ್ನು ಕೇಳೋಣ. ಮೊದಲನೆಯದು, ಬಳಸುವವರೇ ಗಾರ್ಡು ಬಿಚ್ಚಿಡುತ್ತಾರೆ. ನಿಜ, ಬಿಚ್ಚುತ್ತಾರೆ. ಗಾರ್ಡು ಹೊಟ್ಟಿನಿಂದ ಕಟ್ಟಿಕೊಂಡು ಗಂಟೆಗೊಮ್ಮೆ ಕೆಲಸ ನಿಲ್ಲಿಸಿದರೆ, ದಿನಗೂಲಿಯವನು ಅದನ್ನು ಬಿಚ್ಚದೆ ಇನ್ನೇನು ಮಾಡಿಯಾನು? ಎಲ್ಲರೂ ಬಿಚ್ಚುತ್ತಾರೆಂದು ಗೊತ್ತಿರುವ ಗಾರ್ಡು ಕೆಟ್ಟ ವಿನ್ಯಾಸದ ಗಾರ್ಡು. ಅದೂ ಗೊತ್ತಿರುವ ದೋಷಗಳ ಪಟ್ಟಿಗೇ ಸೇರಬೇಕು.

ಎರಡನೆಯದು, ಯಂತ್ರ ಕೈಬದಲಾಗುತ್ತದೆ, ಮೂರನೆಯ ಮಾಲೀಕನನ್ನು ಎಲ್ಲಿ ಹುಡುಕುವುದು? ನಾನಿರುವ ಘಾಟ್ಕೋಪರಿನಿಂದ ಮೆಟ್ರೋದಲ್ಲಿ ಮೂರನೆಯ ನಿಲ್ದಾಣ ಸಾಕಿನಾಕಾ. ಸಣ್ಣ ವರ್ಕ್‌ಶಾಪುಗಳ ಆ ಗಲ್ಲಿಗಳಲ್ಲಿ ಹಳೆಯ ಯಂತ್ರಕ್ಕೆ ಬಣ್ಣ ಹೊಡೆದು ಮಾರುವುದನ್ನು ಯಾರು ಬೇಕಾದರೂ ನೋಡಬಹುದು. ಬಣ್ಣದಡಿ ಸರಣಿ ಸಂಖ್ಯೆಯ ಫಲಕವೂ ಮುಚ್ಚಿಹೋಗುತ್ತದೆ. ಆದರೆ ಆ ಮೂರನೆಯ ಮಾಲೀಕನೂ ಬ್ಲೇಡು ಕೊಳ್ಳಲೇಬೇಕು, ಬೆಲ್ಟು ಕೊಳ್ಳಲೇಬೇಕು. ಬ್ಲೇಡು ಮಾರುವ ಅಂಗಡಿಯ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದರೆ ಅರ್ಧ ಕೆಲಸ ಮುಗಿಯಿತು. ಹೊಸ ಮಾದರಿಯ ಜಾಹೀರಾತು ಅದೇ ಗೋಡೆಗೆ ತಲುಪುತ್ತದಲ್ಲ!

ಮೂರನೆಯದು, ಸಣ್ಣ ತಯಾರಕರಿಗೆ ಈ ಖರ್ಚು ತಾಳದು. ಒಂದು ಚಿಲಕ ಬದಲಿಸುವ ಖರ್ಚನ್ನು ತಾಳಲಾರದ ಕಸುಬು ಆ ಖರ್ಚನ್ನು ಕೂಲಿಯವನ ಕೈಯಿಂದ ತೆಗೆಯುತ್ತಿದೆ ಎಂದಷ್ಟೇ ಇದರ ಅರ್ಥ.

ಸರ್ಕಾರಕ್ಕೂ ನೆಪವಿಲ್ಲ. ಕರ್ನಾಟಕದಲ್ಲಿ ಸಾಮಿಲ್ಲು ನಡೆಸಲು ಅರಣ್ಯ ಇಲಾಖೆಯ ಪರವಾನಗಿ ಬೇಕು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ ದೇಶದ ಸಾಮಿಲ್ಲುಗಳ ಮೇಲೆ ನಿಗಾ ಬಿಗಿಯಾಯಿತು. ಮರ ಉಳಿಸಲು ಅದು ಬೇಕಿತ್ತು, ಒಪ್ಪುತ್ತೇನೆ. ಆದರೆ ಮರದ ಸಲುವಾಗಿ ಗರಗಸವನ್ನು ಪಟ್ಟಿ ಮಾಡಬಲ್ಲ ರಾಜ್ಯ, ಕೈಯ ಸಲುವಾಗಿ ಅದೇ ಪಟ್ಟಿಗೆ ತಯಾರಕರ ಹೆಸರು, ಮಾದರಿ, ಸರಣಿ ಸಂಖ್ಯೆ ಎಂಬ ಮೂರು ಕಲಮು ಸೇರಿಸಲಾರದೇ? ಸಾಗಿಸಬಲ್ಲ ಗರಗಸ ಈ ಪುಸ್ತಕದಿಂದ ನುಣುಚಿಕೊಳ್ಳುವುದು ಸುಲಭ. ಅದನ್ನು ಒಳಗೆ ತಂದರೆ ಮರಕ್ಕೂ ಒಳ್ಳೆಯದು, ಮನುಷ್ಯನಿಗೂ ಒಳ್ಳೆಯದು. ಒಕ್ಕಣೆ ಯಂತ್ರಗಳು ಕೈ ತಿನ್ನುತ್ತಿದ್ದುದನ್ನು ಕಂಡು ಸಂಸತ್ತು 1983ರಲ್ಲೇ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಮಾಡಿತು. ತಯಾರಕರಿಗೆ ಪರವಾನಗಿ, ಗಾಯಗೊಂಡವರಿಗೆ ಪರಿಹಾರ, ಎರಡೂ ಅದರಲ್ಲಿವೆ. ಗ್ರಾಮೀಣ ಬಳಕೆಯ ಇತರ ಯಂತ್ರಗಳನ್ನು ಅಧಿಸೂಚನೆಯಿಂದ ಸೇರಿಸಲು ಅವಕಾಶವೂ ಇದೆ. ವಾಹನಗಳ ಕಡ್ಡಾಯ ವಾಪಸಾತಿಗೆ 2021ರ ಏಪ್ರಿಲ್ 1ರಿಂದ ನಿಯಮವಿದೆ. ಸ್ಕೂಟರಿನ ಬ್ರೇಕಿಗೆ ಇರುವ ಕಾನೂನು ಗರಗಸದ ಬ್ರೇಕಿಗೆ ಏಕೆ ಇರಬಾರದು?

ಕಾಗದ ಓಡಾಡಿದ ಮಾತ್ರಕ್ಕೆ ಎಚ್ಚರಿಸಿದಂತಾಗುವುದಿಲ್ಲ ಎಂಬುದನ್ನು ಘಾಟ್ಕೋಪರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಮೇ 13ರಂದು ಇಲ್ಲಿನ ಪೆಟ್ರೋಲ್ ಬಂಕಿನ ಮೇಲೆ ಬಿದ್ದ ಜಾಹೀರಾತು ಫಲಕ 120 ಅಡಿ ಉದ್ದ, 120 ಅಡಿ ಅಗಲವಿತ್ತು. ಪಾಲಿಕೆಯ ಮಿತಿ 40 ಅಡಿ. ಹದಿನೇಳು ಜನ ಸತ್ತರು. ಅದು ಅಳತೆ ಮೀರಿದ್ದೆಂದು ಕಚೇರಿಗಳಿಗೆ ತಿಳಿಯದೆ ಇರಲಿಲ್ಲ. ಮಳೆಗೆ ಹೆದರಿ ಅದರ ಕೆಳಗೆ ನಿಂತವರಿಗೆ ತಿಳಿದಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ಸಣ್ಣವು. ದೋಷ ಗೊತ್ತಾದ ದಿನಾಂಕವನ್ನು ತಯಾರಕರು ಬರೆದಿಡಬೇಕು, ಮುಚ್ಚಿಟ್ಟ ಪ್ರತಿ ದಿನಕ್ಕೂ ದಂಡ ತೆರಬೇಕು. ಸರಣಿ ಸಂಖ್ಯೆಯನ್ನು ಬಣ್ಣ ಹೊಡೆದರೂ ಅಳಿಯದಂತೆ ಕೆತ್ತಬೇಕು. ವಾಪಸಾತಿಯ ಸೂಚನೆ ಯಂತ್ರ ಮಾರಿದ ರಾಜ್ಯದ ಭಾಷೆಯಲ್ಲಿ, ಮೊದಲ ವಾಕ್ಯದಲ್ಲೇ ‘ನಿಲ್ಲಿಸಿ’ ಎನ್ನಬೇಕು. ವಾಪಸಾತಿ ಮುಗಿಯಿತೆಂದು ಹೇಳಬೇಕಾದರೆ ಎಷ್ಟು ಪತ್ರ ಕಳಿಸಿದೆವು ಎಂಬ ಲೆಕ್ಕ ಸಾಲದು, ಎಷ್ಟು ಯಂತ್ರ ಸರಿಯಾಯಿತು ಎಂಬ ಲೆಕ್ಕ ಬೇಕು.

ನಿಮ್ಮ ತೋಟಕ್ಕೆ, ಮನೆಯ ಕೆಲಸಕ್ಕೆ ಇಂಥ ಗರಗಸ ಬಂದರೆ ಒಂದು ಕೆಲಸ ಮಾಡಿ. ದಿಮ್ಮಿ ಕಟ್ಟುವ ಮೊದಲು ಫಲಕದ ಮೇಲಿನ ಹೆಸರು, ಸಂಖ್ಯೆ ಬರೆದುಕೊಳ್ಳಿ. ಡೀಲರಿಗೆ ಫೋನ್ ಮಾಡಿ, ಈ ಮಾದರಿಗೆ ಯಾವುದಾದರೂ ಸೂಚನೆ ಬಂದಿದೆಯೇ ಎಂದು ಕೇಳಿ. ಉತ್ತರ ಬರುವವರೆಗೆ ಕೆಲಸದವರ ದಿನದ ಕೂಲಿಯನ್ನು ನೀವೇ ಕೊಡಿ.